ಸುಣ್ಣದ ಗೋಡೆ, ಹಂಚಿನ ಮಾಡು ಮತ್ತು ಗೆರೆ ಹೊಂದಿಸುವ ಎರಡು ತಂತ್ರಾಂಶಗಳು

ಉಡುಪಿ, ಮಂಗಳೂರು ಕಡೆಯ ಹಳೆಯ ಮನೆಗಳನ್ನು ದುರಸ್ತಿ ಮಾಡುವ ಅಥವಾ ಬಿಚ್ಚುವ ಮೊದಲು ಅವುಗಳ ಅಳತೆ ತೆಗೆದು ನಕ್ಷೆ ಮಾಡಿಕೊಡುವುದು ನನ್ನ ಕಸುಬು. ಟೇಪು ಹಿಡಿದು ಮೂಲೆ ಮೂಲೆ ಅಳೆಯುತ್ತಿದ್ದ ಕೆಲಸದ ಬಹುಭಾಗವನ್ನು ಈಗ ಫೋಟೊಗಳಿಂದಲೇ ಮಾಡುತ್ತೇನೆ. ಒಂದೇ ಕೋಣೆಯ ಹತ್ತಾರು ಫೋಟೊಗಳನ್ನು ಬೇರೆ ಬೇರೆ ಜಾಗದಲ್ಲಿ ನಿಂತು ತೆಗೆದುಕೊಟ್ಟರೆ, ಒಂದರಲ್ಲಿರುವ ಗುರುತು ಇನ್ನೊಂದರಲ್ಲಿ ಎಲ್ಲಿದೆ ಎಂದು ಹುಡುಕಿ, ಆ ಜೋಡಿಗಳಿಂದ ಕ್ಯಾಮೆರಾ ನಿಂತಿದ್ದ ಜಾಗವನ್ನೂ ಕೋಣೆಯ ಆಕಾರವನ್ನೂ ಲೆಕ್ಕ ಹಾಕುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಬಿಂದುಗಳನ್ನು ಹೊಂದಿಸುತ್ತವೆ. ಬಿಂದುಗಳ ಬದಲಿಗೆ, ಅಥವಾ ಬಿಂದುಗಳ ಜೊತೆಗೆ, ನೇರ ಗೆರೆಗಳನ್ನು ಹೊಂದಿಸುವ ಎರಡು ಸಾಧನಗಳನ್ನು ನಾನು ಕಟಪಾಡಿ ಸಮೀಪದ ಒಂದು ಹಂಚಿನ ಮನೆಯಲ್ಲಿ ಮಳೆಗಾಲ ಪೂರ್ತಿ ಬಳಸಿ ನೋಡಿದೆ. ಒಂದು, ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸಂಸ್ಕರಿಸಲು ಬಳಸುವ ಓಪನ್‌ಸಿವಿ ಎಂಬ ಲೈಬ್ರರಿಯ (ಸಿದ್ಧ ತಂತ್ರಾಂಶಗಳ ಸಂಗ್ರಹದ) ಹೆಚ್ಚುವರಿ ಭಾಗದಲ್ಲಿ ಬರುವ ಎಲ್‌ಬಿಡಿ. ಇನ್ನೊಂದು, 2023ರಲ್ಲಿ ಹೊರಬಂದ ಗ್ಲೂಸ್ಟಿಕ್. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ, ಆದರೆ ಗ್ಲೂಸ್ಟಿಕ್ ಅನ್ನು ಎಲ್ಲ ಕೆಲಸಕ್ಕೂ ಬಳಸುವಂತಿಲ್ಲ. ಅದರ ವಿಷಯ ಮುಂದೆ ಬರುತ್ತದೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಗೋಡೆ, ಬಾಗಿಲು, ಕಿಟಕಿಗಳಿರುವ ಒಳಮನೆಯಲ್ಲಿ ಗ್ಲೂಸ್ಟಿಕ್ ನಂಬಬಹುದಾದ ಕೆಲಸ ಮಾಡುತ್ತದೆ. ಎಲ್‌ಬಿಡಿಯನ್ನು ಕೂತು ತಿದ್ದುವ ತಾಳ್ಮೆ ಇರುವವರು ಮಾತ್ರ ಮುಟ್ಟಬೇಕು. ಹಂಚಿನ ಮಾಡಿನ ಮುಂದೆ ಎರಡೂ ಸೋಲುತ್ತವೆ.

ಗೆರೆಗಳ ಮೊರೆ ಹೋಗಬೇಕಾದ ಕಾರಣ ನಮ್ಮ ಮನೆಗಳಲ್ಲಿಯೇ ಇದೆ. ಬಿಂದು ಹೊಂದಿಸುವ ಸಿಫ್ಟ್‌ನಂಥ ವಿಧಾನಕ್ಕೆ ಸುತ್ತಲಿನಿಂದ ಬೇರೆಯಾಗಿ ಎದ್ದು ಕಾಣುವ ಚುಕ್ಕೆ, ಮೂಲೆ, ಕಲೆ ಏನಾದರೂ ಬೇಕು. ಅಂಥ ಪ್ರತಿಯೊಂದು ಬಿಂದುವಿನ ಸುತ್ತ ಬೆಳಕು ಹೇಗೆ ಏರಿಳಿಯುತ್ತದೆ ಎಂಬುದನ್ನು ಅದು 128 ಅಂಕಿಗಳಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಹಾಗೆ, ಆಂತೋನಿಯೊ ಮೊಸ್ಕೆನಿಯ ಚಿತ್ರಗಳು ಗೋಡೆಯಿಂದ ಛಾವಣಿಯವರೆಗೆ ತುಂಬಿಕೊಂಡಿರುವ ಜಾಗದಲ್ಲಾದರೆ ಅಂಥ ಬಿಂದುಗಳಿಗೆ ಬರವಿಲ್ಲ. ಸುಣ್ಣ ಬಳಿದ ಚಾವಡಿಯ ಗೋಡೆಯಲ್ಲಿ ಏನಿದೆ? ಒಂದು ಮೊಳೆ, ಒಂದು ಕ್ಯಾಲೆಂಡರು, ಒಂದು ಸ್ವಿಚ್ ಬೋರ್ಡು. ಉಜ್ಜಿ ಉಜ್ಜಿ ಹೊಳಪು ಬಂದ ಕಾವಿ ನೆಲದಲ್ಲಿ ಸಿಗುವ ಬಿಂದುಗಳು ನೆಲದವಲ್ಲ, ಪ್ರತಿಬಿಂಬದವು. ಫೋಟೊ ತೆಗೆಯುವವನು ಒಂದು ಹೆಜ್ಜೆ ಸರಿದರೆ ಅವೂ ಸರಿಯುತ್ತವೆ. ಅದೇ ಚಾವಡಿಯಲ್ಲಿ ದಾರಂದ, ಕಿಟಕಿಯ ಸರಳು, ಮುಚ್ಚಿಗೆಯ ಹಲಗೆ, ತೊಲೆ, ಜಗಲಿಯ ಅಂಚು ಎಂದು ನೇರ ಗೆರೆಗಳು ಬೇಕಾದಷ್ಟಿವೆ. ಕೊನೆಗೆ ನಕ್ಷೆಯಲ್ಲಿ ಎಳೆಯಬೇಕಾದದ್ದೂ ಆ ಗೆರೆಗಳನ್ನೇ.

ಹೊಂದಿಸುವುದಕ್ಕೆ ಮೊದಲು ಫೋಟೊದಲ್ಲಿ ಗೆರೆಯನ್ನು ಹಿಡಿಯಬೇಕಲ್ಲ. ಈ ಕೆಲಸಕ್ಕೆ ನಾನು ಎರಡೂ ಕಡೆ ಎಲ್‌ಎಸ್‌ಡಿಯನ್ನೇ ಬಳಸಿದೆ. ಗ್ರೊಂಪೋನೆ ಫಾನ್ ಜೋಯಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಈ ವಿಧಾನವು ಪ್ರತಿ ಪಿಕ್ಸೆಲಿನಲ್ಲಿ ಬೆಳಕು ಯಾವ ದಿಕ್ಕಿಗೆ ಬದಲಾಗುತ್ತಿದೆ ಎಂದು ನೋಡಿ, ಅಕ್ಕಪಕ್ಕದ ಪಿಕ್ಸೆಲುಗಳ ದಿಕ್ಕು 22.5 ಡಿಗ್ರಿಯೊಳಗೆ ಹೊಂದಿಕೊಂಡರೆ ಅವನ್ನು ಒಂದೇ ಗುಂಪಿಗೆ ಸೇರಿಸುತ್ತ ಹೋಗಿ, ಆ ಗುಂಪಿನ ಮೇಲೆ ಸಪೂರದ ಒಂದು ಆಯತವನ್ನು ಕೂರಿಸುತ್ತದೆ. ಆಮೇಲೆ ಅದು ಕೇಳುವ ಪ್ರಶ್ನೆ ನನಗೆ ಬಹಳ ಹಿಡಿಸಿತು: ದಿಕ್ಕುಗಳೆಲ್ಲ ಅಡ್ಡಾದಿಡ್ಡಿಯಾಗಿ ಹರಡಿರುವ ಚಿತ್ರವೊಂದರಲ್ಲಿ ಇಷ್ಟು ಒಪ್ಪವಾದ ಆಯತಗಳು ಕಾಕತಾಳೀಯವಾಗಿ ಎಷ್ಟು ಸಿಗಬಹುದು? ಸರಾಸರಿ ಒಂದಕ್ಕಿಂತ ಹೆಚ್ಚು ಸಿಗಬಹುದೆಂದಾದರೆ ಅದನ್ನು ಬಿಟ್ಟುಬಿಡುತ್ತದೆ; ಇಲ್ಲವಾದರೆ ಗೆರೆ ಎಂದು ಒಪ್ಪುತ್ತದೆ. ಆದ್ದರಿಂದ ಬಳಸುವವರು ಫೋಟೊ ಬದಲಾದ ಹಾಗೆಲ್ಲ ಮಿತಿಗಳನ್ನು ತಿರುಚುತ್ತ ಕೂರಬೇಕಾಗಿಲ್ಲ. ಗೆರೆ ಹಿಡಿಯುವ ಹಳೆಯ ಹಫ್ ವಿಧಾನದಲ್ಲಿ ಚಾವಡಿಗೆ ಒಂದು ಅಂಕಿ, ಅಡುಗೆಮನೆಗೆ ಇನ್ನೊಂದು ಅಂಕಿ ಕೊಟ್ಟು ಬೇಸತ್ತಿದ್ದ ನನಗೆ ಇದೊಂದು ದೊಡ್ಡ ಸಮಾಧಾನ.

ಆದರೆ ಎಲ್‌ಎಸ್‌ಡಿಯ ಮಟ್ಟಿಗೆ ಗೆರೆ ಎಂದರೆ ಬೆಳಕು ಬದಲಾಗುವ ನೇರ ಅಂಚು, ಅಷ್ಟೇ. ಅದು ಮರದ ಅಂಚೋ ನೆರಳಿನ ಅಂಚೋ ಎಂಬ ಭೇದ ಅದಕ್ಕಿಲ್ಲ. ಈ ಮನೆಯ ಅಡುಗೆಮನೆಗೆ ಮುಚ್ಚಿಗೆ ಇಲ್ಲ. ಬೆಳಕು ಬರಲೆಂದು ಮಾಡಿನಲ್ಲಿ ಎರಡು ಗಾಜಿನ ಹಂಚು ಕೂರಿಸಿದ್ದಾರೆ. ಮಳೆ ಬಿಟ್ಟು ಬಿಸಿಲು ಬಂದ ಒಂದು ದಿನ ಆ ಹಂಚಿನಿಂದ ಇಳಿದ ಬೆಳಕಿನ ಪಟ್ಟಿ ನೆಲದ ಮೇಲೆ ಎಷ್ಟು ಚೊಕ್ಕವಾಗಿ ಬಿದ್ದಿತ್ತೆಂದರೆ ಅದರ ನಾಲ್ಕು ಬದಿಯೂ ಗೆರೆಗಳಾಗಿ ದಾಖಲಾದವು. ಬೆಳಿಗ್ಗೆ ತೆಗೆದ ಫೋಟೊವನ್ನು ಊಟದ ನಂತರ ತೆಗೆದ ಫೋಟೊದೊಂದಿಗೆ ಹೊಂದಿಸಿದಾಗ ಆ ಪಟ್ಟಿ ಪಟ್ಟಿಗೆ ಸರಿಯಾಗಿಯೇ ಹೊಂದಿತು, ಲೆಕ್ಕದಲ್ಲಿ ಅಡುಗೆಮನೆಯ ನೆಲವೇ ಸರಿದುಹೋಯಿತು. ಅಂದಿನಿಂದ ಮೋಡ ಮುಚ್ಚಿದ ದಿನ ನೋಡಿ ಕೆಲಸ ಇಟ್ಟುಕೊಂಡೆ. ಬೇರೆ ಕೆಲಸಕ್ಕೆ ಯಾರೂ ಇಷ್ಟಪಡದ ಆಟಿ ತಿಂಗಳು ಈ ಕೆಲಸಕ್ಕೆ ಬಹಳ ಒಳ್ಳೆಯದು.

ಫೋನಿನ ಅಗಲದ ಲೆನ್ಸಿನಲ್ಲಿ ತೆಗೆದ ಫೋಟೊಗಳನ್ನು ಹಾಗೆಯೇ ಕೊಡಬಾರದು. ಚಿತ್ರದ ಬದಿಗಳಲ್ಲಿ ನೇರವಾದ ತೊಲೆಯೂ ಸ್ವಲ್ಪ ಬಾಗಿ ಕಾಣುತ್ತದೆ. ಬಾಗಿದ ಅಂಚನ್ನು ಎಲ್‌ಎಸ್‌ಡಿ ಮೂರು ನಾಲ್ಕು ತುಂಡು ಮಾಡಿ ಕೊಡುತ್ತದೆ, ಆ ತುಂಡುಗಳು ಇನ್ನೊಂದು ಫೋಟೊದ ತುಂಡುಗಳಿಗೆ ಹೊಂದುವುದಿಲ್ಲ. ಚದುರಂಗದ ಮನೆಗಳಂತೆ ಕಪ್ಪು ಬಿಳಿ ಚೌಕಗಳನ್ನು ಮುದ್ರಿಸಿದ ಹಾಳೆಯನ್ನು ಹಲವು ಕೋನಗಳಿಂದ ತೆಗೆದು ಲೆನ್ಸಿನ ಡೊಂಕನ್ನು ಒಮ್ಮೆ ಲೆಕ್ಕ ಹಾಕಿಟ್ಟುಕೊಂಡರೆ ಆಮೇಲೆ ಎಲ್ಲ ಫೋಟೊಗಳನ್ನೂ ನೇರ ಮಾಡಿಕೊಳ್ಳಬಹುದು. ಇನ್ನೊಂದು ಮಾತು: ಮನೆಯವರ ಮಗ ಮೊದಲೇ ತೆಗೆದಿದ್ದ ಫೋಟೊಗಳನ್ನು ಸಂದೇಶದ ಆ್ಯಪ್ ಒಂದರ ಮೂಲಕ ಕಳುಹಿಸಿದ್ದ. ಆ್ಯಪ್ ಅವನ್ನು ಕುಗ್ಗಿಸಿ ಕಳುಹಿಸಿದ್ದರಿಂದ ಮುಚ್ಚಿಗೆಯ ಹಲಗೆಗಳ ನಡುವಿನ ಸಂದುಗಳೇ ಅಳಿಸಿಹೋಗಿದ್ದವು, ಒಂದು ದಿನದ ಕೆಲಸ ಹಾಳಾಯಿತು. ಫೋಟೊಗಳನ್ನು ಪೆನ್‌ಡ್ರೈವಿನಲ್ಲಿಯೇ ತರಿಸಿಕೊಳ್ಳಿ.

ಇನ್ನು ಎಲ್‌ಬಿಡಿ. 2013ರಲ್ಲಿ ಲಿಲಿಯನ್ ಝಾಂಗ್ ಮತ್ತು ರೈನ್‌ಹಾರ್ಡ್ ಕೋಖ್ ಪ್ರಕಟಿಸಿದ ಈ ವಿಧಾನದ ಕಲ್ಪನೆ ಸರಳವಾದದ್ದು. ಗೆರೆಯನ್ನು ನಡುವಿಟ್ಟು, ಸೀರೆಯ ಅಂಚಿನ ಪಟ್ಟೆಗಳ ಹಾಗೆ, ಗೆರೆಗೆ ಸಮಾಂತರವಾಗಿ ಒಂಬತ್ತು ಪಟ್ಟೆಗಳನ್ನು ಹಾಕುತ್ತಾರೆ. ಒಂದೊಂದು ಪಟ್ಟೆಯಲ್ಲೂ ಬೆಳಕಿನ ಬದಲಾವಣೆಯು ಗೆರೆಯ ಉದ್ದಕ್ಕೂ ಅದಕ್ಕೆ ಅಡ್ಡಲಾಗಿಯೂ ಎಷ್ಟಿದೆ, ಅದು ಪಟ್ಟೆಯೊಳಗೆ ಎಷ್ಟು ಏರುಪೇರಾಗುತ್ತದೆ ಎಂಬುದನ್ನು ಎಂಟು ಅಂಕಿಗಳಲ್ಲಿ ಬರೆಯುತ್ತಾರೆ. ಒಟ್ಟು 72 ಅಂಕಿ. ಅಳತೆಗೆ ಗೆರೆಯ ದಿಕ್ಕೇ ಆಧಾರವಾದ್ದರಿಂದ ಫೋನು ಓರೆಯಾಗಿದ್ದರೂ ಅಂಕಿಗಳು ಬದಲಾಗುವುದಿಲ್ಲ. ಓಪನ್‌ಸಿವಿಯಲ್ಲಿ ಪಟ್ಟೆಗಳನ್ನು ಎರಡೆರಡಾಗಿ ಹೋಲಿಸಿ ಇದನ್ನು 256 ಬಿಟ್‌ಗಳಿಗೆ, ಅಂದರೆ ಬರೀ 0 ಅಥವಾ 1 ಇರುವ 256 ಮನೆಗಳಿಗೆ, ಇಳಿಸಿದ್ದಾರೆ. ಎರಡು ಗೆರೆಗಳ ನಡುವೆ ಎಷ್ಟು ಬಿಟ್ ಬೇರೆಯಾಗಿವೆ ಎಂದು ಎಣಿಸಿದರೆ ಹೋಲಿಕೆ ಮುಗಿಯಿತು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೂ ಇದಕ್ಕೆ ಕಾಯಬೇಕಾಗಲಿಲ್ಲ. ವೇಗದ ಬಗ್ಗೆ ದೂರಿಲ್ಲ.

ಅದು ಎಡವುವುದು ಎಲ್ಲಿ ಎಂಬುದನ್ನು ಚಾವಡಿಯ ಒಂದು ಕಿಟಕಿ ತೋರಿಸಿಕೊಟ್ಟಿತು. ಐದು ಮರದ ಸರಳುಗಳ ಕಿಟಕಿ. ಬಾಗಿಲಿನಿಂದ ತೆಗೆದ ಫೋಟೊದಲ್ಲಿ ಐದೂ ಕಾಣುತ್ತವೆ. ಆರಾಮಕುರ್ಚಿಯ ಬಳಿಯಿಂದ ತೆಗೆದದ್ದರಲ್ಲಿ ಕಂಬ ಅಡ್ಡ ಬಂದು ಎಡಗಡೆಯ ಸರಳು ಮರೆಯಾಗಿದೆ. ಎಲ್‌ಬಿಡಿಯು ಮೊದಲ ಫೋಟೊದ ಒಂದನೆಯ ಸರಳನ್ನು ಎರಡನೆಯ ಫೋಟೊದಲ್ಲಿ ಮೊದಲು ಕಾಣುವ ಸರಳಿಗೆ, ಅಂದರೆ ನಿಜವಾಗಿ ಎರಡನೆಯದಕ್ಕೆ, ಜೋಡಿಸಿತು. ಮುಂದಿನವೂ ಅದೇ ಪ್ರಕಾರ ಒಂದೊಂದು ಮನೆ ಸರಿದವು. ಗಮನಿಸಬೇಕಾದ ಸಂಗತಿಯೆಂದರೆ ಸರಳಿನ ಎಡ ಅಂಚನ್ನು ಎಡ ಅಂಚಿಗೂ ಬಲ ಅಂಚನ್ನು ಬಲ ಅಂಚಿಗೂ ಅದು ಒಮ್ಮೆಯೂ ತಪ್ಪದೆ ಹೊಂದಿಸಿತ್ತು, ಏಕೆಂದರೆ ಒಂದು ಕಡೆ ಕತ್ತಲೆಯಿಂದ ಬೆಳಕಿಗೆ, ಇನ್ನೊಂದು ಕಡೆ ಬೆಳಕಿನಿಂದ ಕತ್ತಲೆಗೆ ಹೋಗುವ ವ್ಯತ್ಯಾಸ ಪಟ್ಟೆಗಳಲ್ಲಿ ಸ್ಪಷ್ಟವಾಗಿ ಮೂಡುತ್ತದೆ. ತಪ್ಪಿದ್ದು ಸರಳು. ಐದು ಸರಳುಗಳ ಪಟ್ಟೆಗಳೂ ಒಂದೇ ಥರ ಇರುವಾಗ ಯಾವುದು ಯಾವುದೆಂದು ಹೇಳುವ ಸಾಕ್ಷ್ಯವೇ ಅದರ ಬಳಿ ಇಲ್ಲ. ಆ ಮನೆಯ ಹಿರಿಯರು, ನಾನು ಮಾವ ಎಂದು ಕರೆಯುವವರು, ಪರದೆಯ ಮೇಲೆ ಒಂದು ಫೋಟೊದಿಂದ ಇನ್ನೊಂದಕ್ಕೆ ಎಳೆದಿದ್ದ ಬಣ್ಣದ ಗೆರೆಗಳನ್ನು ಬಗ್ಗಿ ನೋಡಿ, "ಎಂಥ ಮಾರಾಯ ಇದು, ಸರಳಿಗೆಲ್ಲ ನೂಲು ಕಟ್ಟಿ ಎಳೆದ ಹಾಗೆ ಉಂಟಲ್ಲ, ಅದೂ ತಪ್ಪು ಸರಳಿಗೆ" ಎಂದರು. ಲೆಕ್ಕ ಹಾಕಿದಾಗ ಆ ಕಿಟಕಿ ಗೋಡೆಯನ್ನು ಬಿಟ್ಟು ಅಂಗಳದಲ್ಲಿ, ತುಳಸಿಕಟ್ಟೆಯ ಹತ್ತಿರ ಹೋಗಿ ನಿಂತಿತ್ತು.

ಇದಕ್ಕೆ ಪೂರ್ತಿಯಾಗಿ ಎಲ್‌ಬಿಡಿಯನ್ನೇ ದೂರುವುದು ನ್ಯಾಯವಲ್ಲ. ಮೂಲ ಲೇಖನದಲ್ಲಿ ಅಂಕಿಗಳ ಹೋಲಿಕೆಯ ನಂತರ ಇನ್ನೊಂದು ಹಂತವಿದೆ: ಗೆರೆಗಳನ್ನು ಎರಡೆರಡಾಗಿ ತೆಗೆದುಕೊಂಡು, ಅವುಗಳ ನಡುವಿನ ಕೋನವೂ ಅಂತರಗಳ ಅನುಪಾತವೂ ಎರಡೂ ಫೋಟೊಗಳಲ್ಲಿ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡಿ, ಪರಸ್ಪರ ಹೆಚ್ಚು ಬೆಂಬಲ ಕೊಡುವ ಜೋಡಿಗಳ ಗುಂಪನ್ನು ಮಾತ್ರ ಉಳಿಸಿಕೊಳ್ಳುವುದು. ಓಪನ್‌ಸಿವಿಯ ಘಟಕದಲ್ಲಿ ಗೆರೆ ಹಿಡಿಯುವುದು, ಅಂಕಿ ಬರೆಯುವುದು, ಬಿಟ್ ಎಣಿಸುವುದು ಇವು ಮೂರು ಮಾತ್ರ ಇವೆ. ತಾಳೆ ನೋಡುವ ಹಂತವನ್ನು ನಾವೇ ಬರೆದುಕೊಳ್ಳಬೇಕು. ನಾನು ಬರೆದುಕೊಂಡದ್ದು ತೀರ ಸಾಮಾನ್ಯವಾದದ್ದು: ಗೋಡೆ ಒಂದು ಸಮತಲವೆಂದು ಇಟ್ಟುಕೊಂಡು, ಗೋಡೆಯಲ್ಲಿ ಸಿಕ್ಕ ಅಷ್ಟಿಷ್ಟು ಸಿಫ್ಟ್ ಬಿಂದುಗಳಿಂದ ಒಂದು ಫೋಟೊದ ಗೋಡೆ ಇನ್ನೊಂದರಲ್ಲಿ ಎಲ್ಲಿ ಬೀಳುತ್ತದೆ ಎಂದು ಕಂಡುಹಿಡಿದು, ಅದಕ್ಕೆ ದೂರವಾದ ಗೆರೆ ಜೋಡಿಗಳನ್ನು ಕಿತ್ತುಹಾಕುವುದು. ಕಿಟಕಿ ಅಂಗಳದಿಂದ ವಾಪಸು ಬಂತು. ಆದರೆ ಬಿಂದುಗಳು ಸಾಲದೆಂದು ಗೆರೆಗೆ ಬಂದವನು ಗೆರೆಯನ್ನು ತಿದ್ದಲು ಮತ್ತೆ ಬಿಂದುಗಳ ಹತ್ತಿರವೇ ಹೋಗಬೇಕಾಯಿತು ಎಂಬುದು ನನಗೆ ಸ್ವಲ್ಪ ನಗು ತರಿಸಿದ ವಿಷಯ.

ಗ್ಲೂಸ್ಟಿಕ್ ಮಾಡಿದವರು ಇದನ್ನು ಮೊದಲೇ ಒಪ್ಪಿಕೊಂಡಿದ್ದಾರೆ. ಪೋತ್ರಾ, ಸುವಾರೆಸ್, ಪೊಲೆಫೈಸ್ ಮೊದಲಾದವರ ಈ ಕೆಲಸದಲ್ಲಿ ಬಿಂದು ಬೇರೆ, ಗೆರೆ ಬೇರೆ ಎಂಬ ವಿಭಾಗವೇ ಇಲ್ಲ. ಸೂಪರ್‌ಪಾಯಿಂಟ್ ಎಂಬ ನರಜಾಲ (ಉದಾಹರಣೆಗಳಿಂದ ತರಬೇತಿ ಪಡೆದ ತಂತ್ರಾಂಶ) ಕೊಟ್ಟ ಬಿಂದುಗಳನ್ನೂ ಎಲ್‌ಎಸ್‌ಡಿ ಕೊಟ್ಟ ಗೆರೆಗಳ ತುದಿಗಳನ್ನೂ ಒಟ್ಟಿಗೆ ಸೇರಿಸಿ, ಗೆರೆಗಳೇ ಕಡ್ಡಿಗಳಾಗಿರುವ ಒಂದು ಪಂಜರದಂಥ ರಚನೆಯನ್ನು ಪ್ರತಿ ಫೋಟೊಗೂ ಕಟ್ಟುತ್ತಾರೆ. ಆಮೇಲೆ ತರಬೇತಿ ಕೊಟ್ಟ ಇನ್ನೊಂದು ನರಜಾಲ ಆ ರಚನೆಯೊಳಗೆ ಸುದ್ದಿ ಹರಡುತ್ತದೆ: ಒಂದು ತುದಿಗೆ ತನ್ನ ಗೆರೆಯ ಇನ್ನೊಂದು ತುದಿ ಹೇಗಿದೆ, ಅದೇ ಫೋಟೊದ ಉಳಿದ ಬಿಂದುಗಳು ಎಲ್ಲಿವೆ, ಎದುರಿನ ಫೋಟೊದಲ್ಲಿ ತನ್ನಂಥವರು ಯಾರಿದ್ದಾರೆ ಎಂಬುದೆಲ್ಲ ಗೊತ್ತಾಗುತ್ತ ಹೋಗುತ್ತದೆ. ಹೊಂದಾಣಿಕೆಯ ತೀರ್ಮಾನ ಆಗುವುದು ಅದರ ನಂತರ.

ಅದೇ ಕಿಟಕಿಯ ಅದೇ ಎರಡು ಫೋಟೊಗಳನ್ನು ಕೊಟ್ಟೆ. ನಾಲ್ಕು ಸರಳುಗಳು ತಮ್ಮ ತಮ್ಮ ಜೊತೆಗೆ ಹೊಂದಿದವು. ಕಂಬದ ಹಿಂದೆ ಮರೆಯಾಗಿದ್ದ ಸರಳಿಗೆ ಜೋಡಿ ಇಲ್ಲವೆಂದು ಬಿಟ್ಟಿತು. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡದ್ದು ಈ ಬಿಡುವಿಕೆಯೇ. ಪಕ್ಕದ ಸ್ವಿಚ್ ಬೋರ್ಡು, ಕಿಟಕಿಯ ಕೊಂಡಿ, ಕ್ಯಾಲೆಂಡರಿನ ಮೂಲೆ ಇವೆಲ್ಲ ಸೇರಿ ಸರಳುಗಳಿಗೆ ಗುರುತು ಕೊಟ್ಟಿವೆ ಎಂದು ನನ್ನ ಊಹೆ, ಯಾಕೆಂದರೆ ಅವುಗಳನ್ನೆಲ್ಲ ಕತ್ತರಿಸಿ ಬರೀ ಕಿಟಕಿಯ ಭಾಗವನ್ನು ಕೊಟ್ಟಾಗ ಗ್ಲೂಸ್ಟಿಕ್ ಕೂಡ ಒಂದು ಸರಳು ತಪ್ಪಿತು. ಆದ್ದರಿಂದ ಫೋಟೊ ತೆಗೆಯುವಾಗ ಚೆಂದ ಕಾಣಲೆಂದು ಮೊಳೆ, ಕ್ಯಾಲೆಂಡರುಗಳನ್ನು ತೆಗೆಸಬೇಡಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೂ ಇದು ಓಡುತ್ತದೆ, ಆದರೆ ನಿಧಾನ. ಇಡೀ ಮನೆಯ ಫೋಟೊಗಳನ್ನು ಜೋಡಿ ಜೋಡಿಯಾಗಿ ಕೊಡುವುದಾದರೆ ರಾತ್ರಿ ಹಚ್ಚಿಟ್ಟು ಮಲಗುವುದೇ ಲೇಸು.

ಸಾಧನ ಯಾವುದೇ ಇರಲಿ, ಬಿಂದುಗಳ ಅಭ್ಯಾಸದಿಂದ ಬಂದವರು ಗೆರೆಯ ರೇಖಾಗಣಿತದಲ್ಲಿ ಒಂದು ಕಡೆ ಮುಗ್ಗರಿಸುತ್ತಾರೆ, ನಾನೂ ಮುಗ್ಗರಿಸಿದೆ. ಎರಡು ಫೋಟೊಗಳಲ್ಲಿ ಒಂದು ಬಿಂದು ಹೊಂದಿತೆಂದರೆ ಎರಡು ಕ್ಯಾಮೆರಾಗಳಿಂದ ಹೊರಟ ಎರಡು ಕಿರಣಗಳು ಒಂದೆಡೆ ಕೂಡಲೇಬೇಕು. ಕೂಡದಿದ್ದರೆ ಜೋಡಿ ತಪ್ಪು. ಗೆರೆ ಹಾಗಲ್ಲ. ಫೋಟೊದ ಒಂದು ಗೆರೆ ಎಂದರೆ ಕ್ಯಾಮೆರಾದಿಂದ ಹೊರಡುವ ಒಂದು ಇಡೀ ಸಮತಲ. ಎರಡು ಸಮತಲಗಳು, ಸಮಾಂತರವಾಗಿಲ್ಲದಿದ್ದರೆ, ಎಲ್ಲೋ ಒಂದೆಡೆ ಒಂದು ಗೆರೆಯಲ್ಲಿ ಸೇರಿಯೇ ಸೇರುತ್ತವೆ. ಹಾಗಾಗಿ ಎರಡೇ ಫೋಟೊಗಳಿದ್ದರೆ ತಪ್ಪು ಜೋಡಿಯೂ ಸರಿಯಾದ ಜೋಡಿಯಷ್ಟೇ ಧೈರ್ಯದಿಂದ ಉತ್ತರ ಕೊಡುತ್ತದೆ. ನಮ್ಮ ಕಿಟಕಿ ಅಂಗಳಕ್ಕೆ ಹೋದಾಗ ಯಾವ ಎಚ್ಚರಿಕೆಯೂ ಬಾರದಿದ್ದದ್ದು ಇದೇ ಕಾರಣಕ್ಕೆ. ಮೂರನೆಯ ಫೋಟೊ ಬಂದು, ಅದರ ಸಮತಲವೂ ಅದೇ ಗೆರೆಯ ಮೂಲಕ ಹಾದುಹೋಗಬೇಕು ಎಂದಾಗಲೇ ಕಟ್ಟುಪಾಡು ಹುಟ್ಟುತ್ತದೆ. ಮೂರು ನೋಟಗಳ ಈ ಸಂಬಂಧವನ್ನು 27 ಅಂಕಿಗಳ ಒಂದು ಕೋಷ್ಟಕದಲ್ಲಿ ಹಿಡಿದಿಡುತ್ತಾರೆ. ಅದನ್ನು ನೇರವಾಗಿ ಬಿಡಿಸಲು 7 ಬಿಂದುಗಳು ಸಾಕು, ಬರೀ ಗೆರೆಗಳಾದರೆ 13 ಬೇಕು. ಗೆರೆಯ ತುದಿಗಳನ್ನೇ ಬಿಂದುಗಳೆಂದು ನಂಬಿ ಎರಡು ಫೋಟೊಗಳಲ್ಲೇ ಮುಗಿಸೋಣ ಎನ್ನುವವರಿಗೆ ಒಂದು ಮಾತು: ತೊಲೆಯ ತುದಿ ಎಂದು ತಂತ್ರಾಂಶ ತೋರಿಸುವುದು ಬಹಳ ಸಲ ತೊಲೆಯ ತುದಿಯಲ್ಲ, ಕಂಬವೋ ಬಾಗಿಲೋ ಅಡ್ಡ ಬಂದ ಜಾಗ.

ಆ ತೊಲೆಯೇ ನನ್ನನ್ನು ಎರಡು ದಿನ ಸತಾಯಿಸಿತು. ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದು ಜಗಲಿಯ ಉದ್ದಕ್ಕೂ ಅಡ್ಡಡ್ಡ ನಡೆಯುತ್ತ ಎಂಟು ಹತ್ತು ಫೋಟೊ ತೆಗೆದಿದ್ದೆ. ಕಂಬಗಳ ಅಂಚುಗಳೆಲ್ಲ ಚೆನ್ನಾಗಿ ಕೂತವು, ಮೇಲಿನ ತೊಲೆ ಮಾತ್ರ ಒಂದು ಸಲ ಹತ್ತಿರ, ಒಂದು ಸಲ ದೂರ. ಹೊಂದಾಣಿಕೆ ಸರಿಯಾಗಿಯೇ ಇತ್ತು, ತಪ್ಪು ನನ್ನ ನಡಿಗೆಯದು: ನಾನು ನಡೆದ ದಿಕ್ಕಿಗೆ ತೊಲೆ ಸಮಾಂತರವಾಗಿದ್ದರಿಂದ ಎಲ್ಲ ಫೋಟೊಗಳ ಸಮತಲಗಳೂ ಒಂದರ ಮೇಲೊಂದು ಬಿದ್ದು, ಎಲ್ಲಿ ಛೇದಿಸುತ್ತವೆ ಎಂಬುದೇ ನಿಲ್ಲುತ್ತಿರಲಿಲ್ಲ. ಸ್ಟೂಲು ಹತ್ತಿ ನಿಂತು ಎರಡು, ಕುಕ್ಕರಗಾಲಲ್ಲಿ ಕೂತು ಎರಡು ಫೋಟೊ ಸೇರಿಸಿದ ಮೇಲೆ ತೊಲೆ ತನ್ನ ಜಾಗದಲ್ಲಿ ಕೂತಿತು. ಜಗಲಿ, ಮೊಗಸಾಲೆ ಇರುವ ಯಾವ ಮನೆಗೆ ಹೋದರೂ ಈಗ ಸ್ಟೂಲನ್ನು ಮೊದಲು ಕೇಳುತ್ತೇನೆ.

ಬಳಕೆಯ ಹಕ್ಕಿನ ವಿಷಯ. ಓಪನ್‌ಸಿವಿಯು 4.5.0ರಿಂದ ಅಪಾಚೆ 2 ಪರವಾನಗಿಯಲ್ಲಿದೆ, ಸಿಫ್ಟ್‌ನ ಪೇಟೆಂಟ್ 2020ರಲ್ಲಿ ಮುಗಿದಿದೆ. ಹಣ ತೆಗೆದುಕೊಂಡು ಮಾಡುವ ಕೆಲಸಕ್ಕೂ ಇವೆರಡನ್ನು ಧೈರ್ಯವಾಗಿ ಬಳಸಬಹುದು. ಎಲ್‌ಎಸ್‌ಡಿಯ ಮೂಲ ಸಂಕೇತದ ಪರವಾನಗಿ ಓಪನ್‌ಸಿವಿಯ ಪರವಾನಗಿಗೆ ಹೊಂದಿಕೆಯಾಗದ ಕಾರಣ ಓಪನ್‌ಸಿವಿಯ 3.4.6ರಿಂದ 3.4.15ರವರೆಗಿನ ಮತ್ತು 4.1.0ರಿಂದ 4.5.3ರವರೆಗಿನ ಆವೃತ್ತಿಗಳಲ್ಲಿ ಅದನ್ನು ತೆಗೆದುಹಾಕಿದ್ದರು, 4.5.4ರಲ್ಲಿ ಮತ್ತೆ ಬಂದಿದೆ. ಹಳೆಯ ಪಾಠ ನೋಡಿಕೊಂಡು ನಡುವಿನ ಆವೃತ್ತಿ ಹಾಕಿಕೊಂಡವರು ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡಿ. ಗ್ಲೂಸ್ಟಿಕ್‌ಗೆ ತೊಡಕಾಗಿರುವುದು ಅದು ಆಶ್ರಯಿಸುವ ಸೂಪರ್‌ಪಾಯಿಂಟ್. ಅದು ತರಬೇತಿಯಿಂದ ಕಲಿತದ್ದೆಲ್ಲ ಅಡಗಿರುವ ಅಂಕಿಗಳನ್ನು ವಾಣಿಜ್ಯವಲ್ಲದ ಸಂಶೋಧನೆಗೆ ಮಾತ್ರ ಕೊಟ್ಟಿದ್ದಾರೆ. ಸುರತ್ಕಲ್, ಮಣಿಪಾಲಗಳಲ್ಲಿ ಓದುವವರಿಗೆ ಇದು ಅಡ್ಡಿಯಲ್ಲ. ನನಗೆ ಅಡ್ಡಿ. ಆದ್ದರಿಂದ ಗ್ಲೂಸ್ಟಿಕ್ ಅನ್ನು ಇಲ್ಲಿ ಹೋಲಿಸಿ ಕಲಿಯಲು ಮಾತ್ರ ಬಳಸಿದೆ; ಮನೆಯವರ ಕೈಗೆ ಕೊಟ್ಟ ನಕ್ಷೆ ಎಲ್‌ಬಿಡಿ, ಸಿಫ್ಟ್ ಮತ್ತು ನನ್ನ ತಾಳೆ ನೋಡುವ ಹಂತದಿಂದ ಬಂದದ್ದು. ಇಷ್ಟು ಒಳ್ಳೆಯ ಸಾಧನವನ್ನು ಕಸುಬಿನಲ್ಲಿ ಬಳಸಲಾಗದಿರುವುದು ನನಗೆ ನಿಜವಾಗಿ ಬೇಸರದ ಸಂಗತಿ.

ಉಳಿದದ್ದು ಮಾಡು. 1860ರ ದಶಕದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮದ ಹೆಚ್ಚುಗಾರಿಕೆಯೇ ಒಂದು ಹಂಚು ಇನ್ನೊಂದರಂತೆಯೇ ಇರುವುದು, ಒಂದರ ತೋಡಿನಲ್ಲಿ ಇನ್ನೊಂದು ಕಚ್ಚಿ ಕೂರುವುದು. ಮನೆ ಕಟ್ಟುವವರಿಗೆ ಅನುಕೂಲವಾದ ಈ ಗುಣವೇ ಗೆರೆ ಹೊಂದಿಸುವವರಿಗೆ ಶತ್ರು. ಅಂಗಳದಿಂದ ತೆಗೆದ ಫೋಟೊಗಳಲ್ಲಿ ಎಲ್‌ಬಿಡಿ ಹಂಚಿನ ಗೆರೆಗಳನ್ನು ಕಂಡಕಂಡಲ್ಲಿಗೆ ಜೋಡಿಸಿತು. ಅದು ತಪ್ಪೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಗ್ಲೂಸ್ಟಿಕ್‌ನ ತಪ್ಪು ಹೆಚ್ಚು ಅಪಾಯದ್ದು: ಒಂದು ಜೋಡಿ ಫೋಟೊಗಳಲ್ಲಿ ಅದು ಇಡೀ ಮಾಡನ್ನು ಸರಿಯಾಗಿ ಒಂದು ಸಾಲು ಕೆಳಕ್ಕೆ ಜಾರಿಸಿ, ಬಹಳ ಅಚ್ಚುಕಟ್ಟಾಗಿ ಹೊಂದಿಸಿತ್ತು. ಒಳಗಿನಿಂದ ನೋಡಿದರೆ ಹಂಚಿನ ಬದಲು ಸಮಾನ ಅಂತರದ ರೀಪುಗಳು, ಕಥೆ ಅದೇ. ಹೊಸದಾಗಿ ಬದಲಿಸಿದ ನಾಲ್ಕು ಕೆಂಪು ಹಂಚುಗಳೂ ಪಾಚಿ ಹಿಡಿದ ಮೂಲೆಯೂ ಇದ್ದ ಹಿಂಬದಿಯ ಮಾಡಿನಲ್ಲಿ ಮಾತ್ರ ಎರಡಕ್ಕೂ ಸ್ವಲ್ಪ ದಾರಿ ಸಿಕ್ಕಿತು. ಅಡುಗೆಮನೆಯ ರೀಪುಗಳಿಗೆ ಅಲ್ಲಲ್ಲಿ ಬೇರೆ ಬೇರೆ ಬಣ್ಣದ ಟೇಪು ಅಂಟಿಸಿ ನೋಡಿದೆ, ಹೊಂದಾಣಿಕೆ ಸುಧಾರಿಸಿತು. ಆದರೆ ಅಷ್ಟು ಟೇಪು ಅಂಟಿಸಲು ಏಣಿ ಹತ್ತಿದವನು ಅಳತೆಯ ಟೇಪನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಮುಂಭಾಗದ ಮಾಡನ್ನು ಹಾಗೆಯೇ ಮಾಡಿದೆವು. ಮಾವನ ಮಗ ಏಣಿಯ ಮೇಲೆ ನಿಂತು ಸಾಲುಗಳನ್ನು ಎಣಿಸಿ ಹೇಳಿದ, ನಾನು ಕೆಳಗೆ ನಿಂತು ಬರೆದುಕೊಂಡೆ.